ಫಾಂಡ್ ಅಂದರೆ ಏನರ್ಥ

ಲೂಯಿಸ್, ಸಸೆಕ್ಸ್
9 ಫೆಬ್ರವರಿ 1954

ಮಾನ್ಯ ರೂಬೆನ್ ಆಲ್ಡರ್ಸನ್ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ನಾನು ನಿವೃತ್ತ ಶಿಕ್ಷಕಿ. ಊರೂರಿನ ಮಾತುಗಳನ್ನು ಕೂಡಿಹಾಕಿ ನಿಘಂಟು ಮಾಡಲು ಹೊರಟಿರುವ ಕೆಲವು ವಿದ್ವಾಂಸರಿಗೆ ಮನೆಯಲ್ಲೇ ಕುಳಿತು ಚೀಟಿ ಬರೆದುಕೊಡುತ್ತೇನೆ. ಒಂದು ಚೀಟಿಯಲ್ಲಿ ಒಂದು ಪದ, ಅದರ ಅರ್ಥ, ಅದನ್ನು ಆಡಿದವರ ಊರು. ಸಂಬಳವಿಲ್ಲ, ಬೆರಳಿಗೆ ಶಾಯಿ ಮಾತ್ರ. ನಿಮ್ಮ ಕಣಿವೆಯ ಮಾತು ಬಲ್ಲ ಹಿರಿಯರೊಬ್ಬರು ಬೇಕೆಂದಾಗ ಅಲ್ಲಿನ ಶಾಲೆಯ ಮಾಸ್ತರರು ನಿಮ್ಮ ಹೆಸರು ಕೊಟ್ಟರು.

ಕೇಳಬೇಕಾದ ಪದ ಒಂದೇ: ‘ಫಾಂಡ್’. ನಮ್ಮ ದಕ್ಷಿಣದಲ್ಲಿ ಇದಕ್ಕೆ ಅಕ್ಕರೆ ಎಂದಷ್ಟೇ ಅರ್ಥ. ಅಜ್ಜಿ ಮೊಮ್ಮಗನಿಗೆ ಫಾಂಡ್, ನಾನು ನನ್ನ ಬೆಕ್ಕಿಗೆ ಫಾಂಡ್. ಆದರೆ ಕಳೆದ ತಿಂಗಳು ಒಂದು ಹಳೆಯ ಪದಪಟ್ಟಿಯಲ್ಲಿ ಇದರ ಮುಂದೆ ‘ಉತ್ತರದ ಕಡೆ: ಪೆದ್ದ, ಮರುಳ’ ಎಂದು ಬರೆದಿದ್ದನ್ನು ಕಂಡೆ. ಇದು ನಿಜವೇ?

ಯಾಕೆ ಕೇಳುತ್ತಿದ್ದೇನೆಂದರೆ, ನಮ್ಮ ಸಂಗ್ರಹದಲ್ಲಿ ಒಂದು ಪತ್ರವಿದೆ. 1921ರ ಏಪ್ರಿಲ್‌ನಲ್ಲಿ ನಿಮ್ಮ ಕಡೆಯ ಗಂಡಸೊಬ್ಬ, ಊರು ಬಿಟ್ಟು ಹೋದ ಹೆಂಗಸೊಬ್ಬಳಿಗೆ ಬರೆದದ್ದು. ಇಡೀ ಪತ್ರ ಇಷ್ಟೇ:

‘ನಾನು ಫಾಂಡ್ ಆಗಿದ್ದೆ. ಈಗ ಗೊತ್ತಾಗಿದೆ. ಪ್ರಯೋಜನವಿಲ್ಲ ಅನ್ನಿಸಿದರೆ ನೀನು ಉತ್ತರ ಬರೆಯಬೇಕಾಗಿಲ್ಲ. ಮನೆಗೆ ಸುಣ್ಣ ಬಳಿದಿದ್ದೇನೆ.’

ಇದನ್ನು ನಿಮ್ಮೂರಿನವರು ಹೇಗೆ ಓದುತ್ತಾರೆ? ಅಕ್ಕರೆಯಿತ್ತು, ಈಗ ಇಲ್ಲ ಎಂದೋ? ಪೆದ್ದನಾಗಿದ್ದೆ ಎಂದೋ? ನಿಘಂಟಿಗೆ ಇದು ಮುಖ್ಯ. ಅವಸರವೇನಿಲ್ಲ, ಆದರೂ ಬೇಗ ತಿಳಿಸಿದರೆ ಉಪಕಾರವಾಗುತ್ತದೆ.

ವಿಶ್ವಾಸಿ,
(ಶ್ರೀಮತಿ) ಇ. ಹ್ಯಾಲಮ್


ಹೈ ಗಿಲ್, ಸ್ವೇಲ್‌ಡೇಲ್, ಯಾರ್ಕ್‌ಷೈರ್
24 ಫೆಬ್ರವರಿ 1954

ಶ್ರೀಮತಿ ಹ್ಯಾಲಮ್ ಅವರಿಗೆ,

ಹಿಮ ಬಿದ್ದು ಎಂಟು ದಿನ ಅಂಚೆಯವನು ಮೇಲೆ ಹತ್ತಲಿಲ್ಲ. ಅದಕ್ಕೇ ತಡವಾಯಿತು.

ಫಾಂಡ್ ಅಂದರೆ ಪೆದ್ದ. ಇದನ್ನು ಕೇಳುವುದಕ್ಕೆ ಲಕೋಟೆ ಖರ್ಚು ಮಾಡಬೇಕಿತ್ತೇ? ನಮ್ಮಮ್ಮ ದಿನಕ್ಕೆ ಹತ್ತು ಸಲ ನನ್ನನ್ನು ಹಾಗೆ ಕರೆಯುತ್ತಿದ್ದಳು. ‘ಏ ಫಾಂಡ್ ತಲೆ, ಬಾಗಿಲು ಹಾಕೋ, ಊರಿಗೆಲ್ಲ ಒಲೆ ಹಚ್ಚಿದೀನಾ ನಾನು?’ ಬಹಳ ಪೆದ್ದನಾದರೆ ‘ಪೊರಕೆಯಷ್ಟು ಫಾಂಡ್’ ಅನ್ನುತ್ತಾರೆ. ಪೊರಕೆಗೆ ಯಾಕೆ ಆ ಬಿರುದು ಬಂತೋ ಗೊತ್ತಿಲ್ಲ. ಯಾರ ಕೈಗೆ ಸಿಕ್ಕಿದರೆ ಅವರು ತಳ್ಳಿದ ಕಡೆ ಹೋಗುತ್ತದಲ್ಲ, ಅದಕ್ಕಿರಬಹುದು. ಕೆಳಗಿನ ಬಯಲಿನ ಕಡೆ ಜನವರಿಯಲ್ಲಿ ಪಡ್ಡೆಗಳು ಮುಖಕ್ಕೆ ಮಸಿ ಬಳಿದುಕೊಂಡು ನೇಗಿಲು ಎಳೆದುಕೊಂಡು ಮನೆಮನೆ ತಿರುಗುತ್ತಿದ್ದರು. ಅದಕ್ಕೂ ಫಾಂಡ್ ನೇಗಿಲು ಅಂತಲೇ ಹೆಸರು. ಇಷ್ಟು ಸಾಕೇ ನಿಮ್ಮ ಚೀಟಿಗೆ?

ಅಕ್ಕರೆಗೆ ನಮ್ಮ ಕಣಿವೆಯಲ್ಲಿ ಪದವಿಲ್ಲ. ಅಕ್ಕರೆ ಇದ್ದರೆ ತಟ್ಟೆಗೆ ಇನ್ನೊಂದು ತುಂಡು ಕೇಕು, ಅದರ ಮೇಲೊಂದು ತುಂಡು ಚೀಸು ಹಾಕುತ್ತೇವೆ.

ಆ ಪತ್ರ ಬರೆದವನು, ತಾನು ಪೆದ್ದನಾಗಿದ್ದೆ ಅಂತ ಬರೆದಿದ್ದಾನೆ. ತಪ್ಪಾಯಿತು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಮಾತು ನಮ್ಮ ಗಂಡಸರಿಗೆ ಬರುವುದಿಲ್ಲ. ಇದನ್ನು ನಮ್ಮೂರಿನ ನಾಯಿಯೂ ತಪ್ಪು ಓದಲಾರದು. ಆ ಹೆಂಗಸು ಏನು ತಿಳಿದುಕೊಂಡಳೋ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ತಿಳಿಸಿ.

ನನ್ನದೂ ಒಂದು ಸಂಶಯ. ಒಬ್ಬಳಿಗೆ ಬರೆದ ಪತ್ರ ನಿಮ್ಮ ಸಂಗ್ರಹಕ್ಕೆ ಹೇಗೆ ಬಂತು? ಅವಳು ಮಾರಿಕೊಂಡಳೋ? ಸತ್ತಳೋ?

ರೂ. ಆಲ್ಡರ್ಸನ್


ಲೂಯಿಸ್
1 ಮಾರ್ಚ್ 1954

ಮಾನ್ಯ ಆಲ್ಡರ್ಸನ್ ಅವರೇ,

ನಿಮ್ಮ ಪತ್ರ ಬಂದ ದಿನ ನಾನು ಒಂದು ಚೀಟಿಯನ್ನೂ ಬರೆಯಲಿಲ್ಲ. ಪೊರಕೆಯ ಮಾತು ಓದಿ ನಕ್ಕೆ. ಆಮೇಲೆ ನಗು ನಿಂತುಹೋಯಿತು. ಚಹಾ ಆರಿ ತಣ್ಣಗಾಗುವವರೆಗೆ ಹಾಗೇ ಕುಳಿತಿದ್ದೆ.

ಮೊದಲು ನಿಮ್ಮ ಸಂಶಯಕ್ಕೆ ಉತ್ತರ. ಅವಳು ಸತ್ತಿಲ್ಲ. ಮಾರಿಕೊಂಡೂ ಇಲ್ಲ. ಓದಲು ಕೊಟ್ಟಿದ್ದಾಳೆ, ಅಷ್ಟೆ.

ಅವಳು ನಿಮ್ಮ ಕಣಿವೆಯ ಶಾಲೆಯಲ್ಲಿ ಎರಡು ವರ್ಷ ಪಾಠ ಹೇಳಿದಳಂತೆ. ಎರಡು ವರ್ಷ ಇದ್ದವಳಿಗೆ ಇಂಥ ಪದ ಕಿವಿಗೆ ಬೀಳಲಿಲ್ಲವೇ ಎಂದು ನೀವು ಕೇಳುತ್ತೀರಿ. ಬೀಳಲಿಲ್ಲವಂತೆ. ಯಾಕೆಂದರೆ ಹಳ್ಳಿಯ ಮಾತಾಡಿದ ಮಕ್ಕಳನ್ನು ಅವಳು ಮೂಲೆಯಲ್ಲಿ ನಿಲ್ಲಿಸುತ್ತಿದ್ದಳಂತೆ. ಮಕ್ಕಳು ಮನೆಗೆ ಹೋಗಿ ಹೇಳಿದರು, ದೊಡ್ಡವರೂ ಅವಳೆದುರು ನಾಲಿಗೆ ತೊಳೆದುಕೊಂಡೇ ಮಾತಾಡತೊಡಗಿದರು. ಅವಳು ಒಳಗೆ ಬಂದರೆ ಅಂಗಡಿಯಲ್ಲಿ ಮಾತು ನಿಲ್ಲುತ್ತಿತ್ತಂತೆ. ಅದನ್ನು ಅವಳು ಮರ್ಯಾದೆ ಅಂದುಕೊಂಡಿದ್ದಳು.

ಹಾಗಾಗಿ ಆ ಪತ್ರವನ್ನು ಅವಳು ದಕ್ಷಿಣದವಳಾಗಿಯೇ ಓದಿದಳು. ‘ನನಗೆ ಅಕ್ಕರೆಯಿತ್ತು.’ ಇತ್ತು, ಅಂದರೆ ಈಗಿಲ್ಲ. ‘ಈಗ ಗೊತ್ತಾಗಿದೆ,’ ಅಂದರೆ ಅದು ಮುಗಿದದ್ದು ಗೊತ್ತಾಗಿದೆ. ‘ಉತ್ತರ ಬರೆಯಬೇಕಾಗಿಲ್ಲ,’ ಅಂದರೆ ಪೀಡೆ ತೊಲಗಲಿ. ‘ಸುಣ್ಣ ಬಳಿದಿದ್ದೇನೆ,’ ಅಂದರೆ ಇನ್ನೊಬ್ಬಳು ಮನೆ ತುಂಬುವುದಕ್ಕೆ ಬರುತ್ತಿದ್ದಾಳೆ. ನಾಲ್ಕೂ ವಾಕ್ಯ ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದಿದವೆಂದರೆ ಅವಳಿಗೆ ಸಂಶಯವೇ ಬರಲಿಲ್ಲವಂತೆ.

ಇನ್ನು ಪದದ ವಿಚಾರ. ಸುಮಾರು ಆರು ನೂರು ವರ್ಷದ ಹಿಂದೆ ಇದನ್ನು ಉಪ್ಪಿಗೆ ಹೇಳುತ್ತಿದ್ದರು. ರುಚಿ ಹೋಗಿ ಸಪ್ಪೆಯಾದ ಉಪ್ಪು. ಆಮೇಲೆ ಬುದ್ಧಿ ಹೋದ ಮನುಷ್ಯನಿಗೆ ಹೇಳಿದರು. ಆಮೇಲೆ, ಒಬ್ಬರ ಹಿಂದೆ ಬಿದ್ದು ಬುದ್ಧಿ ಕಳೆದುಕೊಂಡವನಿಗೆ. ಕೊನೆಗೆ ದಕ್ಷಿಣದವರು ಪೆದ್ದತನವನ್ನು ಸೋಸಿ ಚೆಲ್ಲಿ ಅಕ್ಕರೆಯನ್ನಷ್ಟೇ ಇಟ್ಟುಕೊಂಡರು. ನೀವು ಪೆದ್ದತನವನ್ನೇ ಇಟ್ಟುಕೊಂಡಿರಿ. ಫ್ರೆಂಚ್ ಅಡುಗೆಯವರು ಬಾಣಲೆಯ ತಳಕ್ಕೆ ಹಿಡಿದ ಕಂದು ಸಾರಕ್ಕೂ ಇದೇ ಹೆಸರು ಹೇಳುತ್ತಾರೆ. ಅದರ ವಂಶವೇ ಬೇರೆ, ಮುಖ ಮಾತ್ರ ಒಂದೇ. ಅದಕ್ಕೆ ಬೇರೆ ಚೀಟಿ ಬರೆದಿದ್ದೇನೆ.

ನಿಘಂಟಿಗೆ ಬೇಕಿಲ್ಲದ ಒಂದು ಪ್ರಶ್ನೆ. ಆ ಗಂಡಸು ಆಮೇಲೆ ಏನಾದ? ನಿಮ್ಮ ಊರಿನವನೇ ಆದ್ದರಿಂದ ನಿಮಗೆ ಗೊತ್ತಿರಬಹುದು.

ವಿಶ್ವಾಸಿ,
ಇ. ಹ್ಯಾಲಮ್


ಲೂಯಿಸ್
12 ಏಪ್ರಿಲ್ 1954

ಮಾನ್ಯ ಆಲ್ಡರ್ಸನ್ ಅವರೇ,

ನನ್ನ ಮಾರ್ಚ್ ತಿಂಗಳ ಪತ್ರ ತಲುಪಿರಬೇಕು. ಕೊನೆಯ ಪ್ರಶ್ನೆ ಅಧಿಕಪ್ರಸಂಗ ಅನ್ನಿಸಿದ್ದರೆ ಮರೆತುಬಿಡಿ. ಪದದ ಚೀಟಿಯನ್ನು ಕಳುಹಿಸಿಬಿಟ್ಟಿದ್ದೇನೆ. ಆ ಕೆಲಸ ಮುಗಿಯಿತು.

ಇ. ಹ್ಯಾಲಮ್


ಹೈ ಗಿಲ್
16 ಮೇ 1954

ಎನಿಡ್,

ಕುರಿಗಳು ಮರಿ ಹಾಕುವ ಕಾಲದಲ್ಲಿ ಈ ಕಣಿವೆಯಲ್ಲಿ ಯಾರೂ ಪೆನ್ನು ಹಿಡಿಯುವುದಿಲ್ಲ ಅನ್ನುವುದನ್ನು ಮರೆತೆಯಾ? ನಿನ್ನ ತರಗತಿಯ ಅರ್ಧ ಮಕ್ಕಳು ಏಪ್ರಿಲ್‌ನಲ್ಲಿ ಮಾಯವಾಗುತ್ತಿದ್ದರು, ನೀನು ಹಾಜರಿ ಪುಸ್ತಕ ಹಿಡಿದು ಹೊಲಕ್ಕೇ ಬಂದಿದ್ದೆ. ನಿನ್ನ ಬೂಟು ಕೆಸರಿನಲ್ಲಿ ಸಿಕ್ಕಿ ಒಂದು ಕಾಲಲ್ಲಿ ನಿಂತಿದ್ದೆ. ನಾನು ನಿನ್ನನ್ನು ಮೊದಲು ನೋಡಿದ್ದು ಹಾಗೆ.

ಲಕೋಟೆ ಕೈಗೆ ಬಂದಾಗಲೇ ನೀನೆಂದು ಗೊತ್ತಾಯಿತು. ಒಳಗಿನದು ಟೈಪು ಮಾಡಿದ್ದು, ವಿಳಾಸ ಮಾತ್ರ ಕೈಬರಹ. ನಿನ್ನ ಸಂಜೆ ಪಾಠದಲ್ಲಿ ನನ್ನಿಂದ ‘ಜಿ’ ಅಕ್ಷರದ ಬಾಲವನ್ನು ನೂರು ಸಲ ತಿದ್ದಿಸಿದವಳು ನೀನು. ಆ ಬಾಲವನ್ನು ಮರೆಯಲಿಕ್ಕಾಗುತ್ತದೆಯೇ? ಆದರೂ ನೋಡೋಣ, ಎಷ್ಟು ದೂರ ನಾಟಕ ಆಡುತ್ತಾಳೆ ಅಂದುಕೊಂಡೆ. ಮಾಸ್ತರನನ್ನು ವಿಚಾರಿಸಿದೆ. ‘ನಾನ್ಯಾರ ಹೆಸರೂ ಕೊಡ್ಲಿಲ್ಲ ಆಲ್ಡರ್ಸನ್ ಅವ್ರೇ. ನೀವು ಬದುಕಿದ್ದೀರಾ ಅಂತ ಆಯಮ್ಮನೇ ಕೇಳಿ ಬರ್ದಿದ್ರು’ ಅಂದ.

ಆ ಗಂಡಸು ಏನಾದ ಅಂತ ಕೇಳಿದ್ದೀ. ಹೇಳುತ್ತೇನೆ.

ಚಾಪೆಲ್ಲಿನ ಕ್ರಿಸ್‌ಮಸ್ ಚಹಾಕೂಟದಲ್ಲಿ ಅವನನ್ನು ಯಾರೋ ಕೇಳಿದರು, ‘ಏನಯ್ಯಾ, ಟೀಚರಮ್ಮನ್ನ ಯಾವಾಗ ಮನೆ ತುಂಬಿಸ್ಕೋತೀಯಾ?’ ಅವನು ಎಲ್ಲರೆದುರು, ‘ಇವರಾ? ಬೇಸಿಗೆ ಹಕ್ಕಿ. ಇನ್ನೊಂದ್ ಸಲ ಹಿಮ ಬಿದ್ರೆ ಹಾರ್ಹೋಗ್ತಾರೆ ಬಿಡಿ’ ಅಂದ. ಎಲ್ಲರೂ ನಕ್ಕರು. ಅವಳು ಕಪ್ಪು ಕೆಳಗಿಟ್ಟು ಎದ್ದು ಹೋದಳು. ಈಸ್ಟರಿಗೆ ಊರನ್ನೇ ಬಿಟ್ಟಳು. ಅವನು ಹಾಗೆ ಅಂದದ್ದು ಯಾಕೆಂದರೆ, ಅದು ನಿಜವಾಗಬಹುದೆಂದು ಅವನಿಗೆ ಹೆದರಿಕೆಯಿತ್ತು. ಹೆದರಿದ್ದೇನೆ ಅನ್ನುವುದಕ್ಕಿಂತ ನಗಿಸುವುದು ಸುಲಭವಾಗಿತ್ತು.

ಪತ್ರವನ್ನು ಮೂರು ಸಲ ಶಾಲೆಯ ಇಂಗ್ಲಿಷಿನಲ್ಲಿ ಬರೆದೆ. ಮೂರೂ ಬ್ಯಾಂಕಿಗೆ ಬರೆದ ಅರ್ಜಿಯ ಹಾಗಿದ್ದವು. ಒಲೆಗೆ ಹಾಕಿದೆ. ನಾಲ್ಕನೆಯದರಲ್ಲಿ ನಮ್ಮಮ್ಮ ಕಲಿಸಿದ ಪದ ಹಾಕಿದೆ, ಅದರಲ್ಲಾದರೂ ಸುಳ್ಳು ಇರುವುದಿಲ್ಲ ಅಂತ. ಅಡುಗೆಮನೆ ಹೊಗೆಗೂಡಿನ ಒಳಗಿನಷ್ಟು ಕಪ್ಪು ಅಂದಿದ್ದೆಯಲ್ಲ, ನೀನು ಬರುವುದಾದರೆ ಕಪ್ಪಾಗಿರಬಾರದು ಅಂತ ಸುಣ್ಣ ಬಳಿದೆ. ಎಲ್ಲ ಮಾಡಿ ಆ ವರ್ಷದ ಮೇ, ಜೂನ್ ಎರಡು ತಿಂಗಳೂ ಅಂಚೆಯವನಿಗೆ ದಾರಿಯಲ್ಲೇ ಎದುರಾಗುತ್ತಿದ್ದೆ. ಕೊನೆಗೆ ಅವನೇ ನನ್ನನ್ನು ಕಂಡರೆ ಬೇಲಿ ಹಾರಿ ಬೇರೆ ದಾರಿ ಹಿಡಿಯುತ್ತಿದ್ದ.

1926ರಲ್ಲಿ ಆಗ್ನೆಸಳನ್ನು ಮದುವೆಯಾದೆ. ಒಳ್ಳೆಯವಳು. ಅವಳೊಡನೆ ಕಳೆದ ವರ್ಷಗಳ ಬಗ್ಗೆ ಒಂದು ಕೆಟ್ಟ ಮಾತನ್ನೂ ನಾನು ಬರೆಯುವುದಿಲ್ಲ, ನೀನು ಕೇಳಲೂಬೇಡ. ನಾಲ್ಕು ವರ್ಷದ ಹಿಂದೆ ತೀರಿಕೊಂಡಳು. ಮಗಳು ರೂತ್ ಜೊತೆಗಿದ್ದಾಳೆ.

ಆದರೆ ಎನಿಡ್, ಮೂವತ್ತಮೂರು ವರ್ಷ ನಿನ್ನನ್ನು ನಾನು ಅಹಂಕಾರದವಳು ಅಂದುಕೊಂಡಿದ್ದೆ. ಒಬ್ಬ ಮನುಷ್ಯ ಕಾಲಿಗೆ ಬಿದ್ದರೂ ತಿರುಗಿ ನೋಡದವಳು ಅಂತ. ಅದು ಸುಳ್ಳೆಂದು ಮಾರ್ಚ್‌ನಲ್ಲಿ ಗೊತ್ತಾದಾಗ ಕೊಟ್ಟಿಗೆಗೆ ಹೋಗಿ ಕುರಿಗಳ ನಡುವೆ ಕುಳಿತುಬಿಟ್ಟೆ. ಮರಿ ಹಾಕುವ ಕಾಲ ಅನ್ನುವುದು ಅರ್ಧ ನೆಪ.

ರೂಬೆನ್


ಲೂಯಿಸ್
21 ಮೇ 1954

ರೂಬೆನ್,

ನಿನಗೆ ಮೊದಲೇ ಗೊತ್ತಿತ್ತು, ನಾನು ‘ಅಂತೆ ಅಂತೆ’ ಎಂದು ಕಥೆ ಹೆಣೆಯುವುದನ್ನು ನೀನು ಕೂತು ಓದಿದೆ. ನಿನಗೆ ನಾಚಿಕೆಯಾಗಬೇಕು. ನನಗಂತೂ ಆಯಿತು.

ಕೋಪವೂ ಬಂತು. ಮೂರು ಪತ್ರ ಒಲೆಗೆ ಹಾಕುವಷ್ಟು ಪುರುಸೊತ್ತಿದ್ದವನಿಗೆ ಐದನೆಯದೊಂದು ಬರೆಯಲು ಏನಾಗಿತ್ತು? ‘ಪತ್ರ ತಲುಪಿತೇ’ ಎಂದು ಒಂದು ಕಾರ್ಡು? ಎರಡು ದಿನ ನಿನ್ನನ್ನು ಮನಸ್ಸಿನಲ್ಲೇ ಬೈದೆ. ಮೂರನೆಯ ದಿನ ನನ್ನ ಸರದಿ ಬಂತು. ಪದಗಳ ಅರ್ಥ ಕೇಳುವುದೇ ನನ್ನ ಕಸುಬು. ಗೊತ್ತಿಲ್ಲದ ಪದ ಬಂದರೆ ಕೈಯೆತ್ತಿ ಕೇಳಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು. ನನಗೆ ಗೊತ್ತಿದೆ ಅಂದುಕೊಂಡ ಪದವೇ ನನ್ನನ್ನು ಕೆಡವಿತು.

ನನ್ನ ವಿಷಯವನ್ನೂ ಹೇಳಬೇಕು. ಆರ್ಥರ್ ಹ್ಯಾಲಮ್ ಪಿಯಾನೊ ಶ್ರುತಿ ಮಾಡುತ್ತಿದ್ದರು. ಮೃದು ಮಾತಿನವರು. ಅವರು ಹೋಗಿ ಎರಡು ವರ್ಷವಾಯಿತು. ಮಕ್ಕಳಾಗಲಿಲ್ಲ. ನಿನ್ನ ಪತ್ರ ನನ್ನ ಹತ್ತಿರ ಇತ್ತೆಂಬುದು ಅವರಿಗೆ ಗೊತ್ತಿತ್ತು. ಒಮ್ಮೆಯೂ ತೆಗೆದು ಓದಲಿಲ್ಲ. ಓದಿದ್ದರೆ ಅವರು ಕೇಳಿಬಿಡುತ್ತಿದ್ದರು, ‘ಈ ವಾಕ್ಯ ಅರ್ಧಕ್ಕೇ ನಿಂತಿದೆಯಲ್ಲ ಎನಿಡ್, ಯಾರಿಗೆ ಫಾಂಡ್ ಅಂತ ಬರ್ದೇ ಇಲ್ವಲ್ಲ?’ ಅವರ ಕಿವಿಗೆ ಅಪಸ್ವರ ಥಟ್ಟನೆ ಗೊತ್ತಾಗುತ್ತಿತ್ತು. ನನಗೆ ಆಗಲಿಲ್ಲ.

ನಿನ್ನ ಪತ್ರ ಓದಿದ ಮೇಲೆ ಏನೇನೋ ನೆನಪಾಗುತ್ತಿದೆ. ಒದ್ದೆ ಕೋಟುಗಳನ್ನು ಶಾಲೆಯ ಒಲೆಯ ಸುತ್ತ ಒಣಹಾಕಿದಾಗ ಬರುತ್ತಿದ್ದ ಉಣ್ಣೆಯ ವಾಸನೆ. ನಿನ್ನಮ್ಮ ಮಾಡುತ್ತಿದ್ದ ಓಟ್ಸ್ ರೊಟ್ಟಿ, ಅದನ್ನು ಬಟ್ಟೆಯ ಹಾಗೆ ಹಗ್ಗದ ಮೇಲೆ ನೇತುಹಾಕುತ್ತಿದ್ದುದು. ನೀನು ಕಲ್ಲಿನ ಗೋಡೆ ಕಟ್ಟುತ್ತಾ, ಕೈಗೆತ್ತಿಕೊಂಡ ಕಲ್ಲನ್ನು ಯಾವತ್ತೂ ಕೆಳಗಿಡದೆ ಅದಕ್ಕೊಂದು ಜಾಗ ಹುಡುಕುತ್ತಿದ್ದುದು. ಇಲ್ಲಿ ಗುಡ್ಡಗಳೆಲ್ಲ ಪುಡಿಯಾಗುವ ಸುಣ್ಣಕಲ್ಲು, ಹೊಲಗಳಿಗೆ ಗೋಡೆಗಳೇ ಇಲ್ಲ. ಇಷ್ಟು ವರ್ಷವಾದರೂ ನನ್ನ ಕಣ್ಣು ಗೋಡೆಗಾಗಿ ಹುಡುಕುತ್ತದೆ.

ನನಗೀಗ ಐವತ್ತೇಳು. ಸುತ್ತಿ ಬಳಸಿ ಮಾತಾಡುವ ವಯಸ್ಸಲ್ಲ. ನಾನು ಬಂದು ನಿನ್ನನ್ನೊಮ್ಮೆ ನೋಡಬೇಕು ಅನ್ನಿಸುತ್ತಿದೆ. ಬರಲೇ, ಬೇಡವೇ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ. ಈ ಸಲ ಬೇಡ ಅಂದರೆ ಬೇಡ ಎಂದೇ ಓದಿಕೊಳ್ಳುತ್ತೇನೆ.

ಎನಿಡ್


ಹೈ ಗಿಲ್
11 ಜುಲೈ 1954

ಎನಿಡ್,

ಕುರಿಗಳ ರೋಮ ಕತ್ತರಿಸುವ ಕೆಲಸ ಮುಗಿಯಿತು. ಈ ವರ್ಷ ಮಳೆ ನಿಲ್ಲುತ್ತಲೇ ಇಲ್ಲ. ಹುಲ್ಲು ಸೊಂಟದವರೆಗೆ ಬೆಳೆದು ಮಲಗಿದೆ, ಕುಡುಗೋಲು ಹಾಕುವುದಕ್ಕೆ ಎರಡು ದಿನದ ಬಿಸಿಲಿಲ್ಲ. ಮೊಣಕಾಲು ನೋಯುತ್ತಿದೆ. ಹಾಸಿಗೆ, ಅಡುಗೆ, ಒಂದಕ್ಕೂ ಸಮಯವಿಲ್ಲ. ರೂತಳಿಗೆ ಎಲ್ಲ ಹೇಳಿದ್ದೇನೆ. ನಿನ್ನ ಪತ್ರವನ್ನು ಆಕೆ ಓದಿ, ಮಡಚಿ ನನ್ನ ಕೈಗೆ ಕೊಟ್ಟಳು.

ನೇರವಾಗಿ ಕೇಳಿದ್ದೀ, ನೇರವಾಗಿ ಹೇಳುತ್ತೇನೆ. ಹುಲ್ಲು ಒಳಗೆ ವೈಲ್, ಬರಬೇಡ.

ರೂಬೆನ್


ಲೂಯಿಸ್
30 ಆಗಸ್ಟ್ 1954

ರೂಬೆನ್,

ನಿನ್ನ ಜುಲೈ ಪತ್ರ ಏಳು ವಾರದಿಂದ ನನ್ನ ಮೇಜಿನ ಖಾನೆಯಲ್ಲಿದೆ. ಮೊದಲ ಸಲ ಓದಿದಾಗ ಕಣ್ಣಿಗೆ ಕಂಡದ್ದು ‘ಬರಬೇಡ’ ಒಂದೇ. ಬೇಡ ಅಂದರೆ ಬೇಡ ಎಂದು ನಾನೇ ಬರೆದಿದ್ದೆನಲ್ಲ, ಮಾತಿಗೆ ತಪ್ಪಬಾರದೆಂದು ಖಾನೆ ಮುಚ್ಚಿದೆ. ಹೊಸದಾಗಿ ಕೊಂಡ ಗಟ್ಟಿ ಬೂಟುಗಳನ್ನು ಪಕ್ಕದ ಮನೆಯ ಮಿಸ್ ಪೆಲ್ಹಮ್‌ಗೆ ಕೊಟ್ಟೆ. ‘ಯಾಕ್ರೀ, ಎಲ್ಲಿಗೋ ಹೋಗ್ತೀನಿ ಅಂತಿದ್ರಿ?’ ಅಂದರು. ‘ಬರೋದ್ ಬೇಡ ಅಂದ್ರು’ ಅಂದೆ. ಅದನ್ನು ಬಾಯಿಬಿಟ್ಟು ಹೇಳಿದ ಮೇಲೆ ಅಳು ಬಂತು. ಈ ವಯಸ್ಸಿನಲ್ಲಿ ಅಳಬಾರದು, ಮೂಗು ಎರಡು ದಿನ ಕೆಂಪಾಗಿರುತ್ತದೆ.

ನಿನ್ನ ವಾಕ್ಯವನ್ನು ನಾನು ಹೇಗೆ ಓದಿದೆನೆಂದು ಹೇಳುತ್ತೇನೆ. ನಮ್ಮಲ್ಲಿ ‘ವೈಲ್’ ಅಂದರೆ ‘ಇರುವಷ್ಟು ಕಾಲ’. ಹುಲ್ಲು ಕೊಟ್ಟಿಗೆಯ ಒಳಗೆ ಇರುವಷ್ಟು ಕಾಲ ಬರಬೇಡ. ನಿಮ್ಮ ಕೊಟ್ಟಿಗೆಯಲ್ಲಿ ಒಂದಿಷ್ಟು ಹುಲ್ಲು ವರ್ಷವಿಡೀ ಇರುತ್ತದೆ. ಹಳೆಯದು ಮುಗಿಯುವ ಹೊತ್ತಿಗೆ ಹೊಸದು ಬರುತ್ತದೆ. ಅಂದರೆ ಯಾವತ್ತೂ ಬರಬೇಡ. ಒಬ್ಬಳನ್ನು ದೂರ ಇಡುವುದಕ್ಕೆ ಎಷ್ಟು ಸಭ್ಯವಾದ ದಾರಿ ಹುಡುಕಿದ್ದಾನೆ ಅಂದುಕೊಂಡೆ.

ನಿನ್ನೆ ಖಾನೆಯಲ್ಲಿ ಅಂಚೆಚೀಟಿ ಹುಡುಕುವಾಗ ಪತ್ರ ಮತ್ತೆ ಕೈಗೆ ಬಂತು. ಇನ್ನೊಮ್ಮೆ ಓದಿದೆ. ವಾಕ್ಯಗಳು ಒಂದಕ್ಕೊಂದು ಬಹಳ ಚೆನ್ನಾಗಿ ಹೊಂದುತ್ತಿವೆ ಅನ್ನಿಸಿತು. ಅದೇ ನನಗೆ ಹೆದರಿಕೆ ತಂದಿತು.

ಉತ್ತರದ ಪದಪಟ್ಟಿ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇದೆ. ಕೈ ಚಾಚಿದರೆ ಸಿಗುತ್ತದೆ. ನಾನು ಅದನ್ನು ತೆರೆದಿಲ್ಲ. ಅದರಲ್ಲಿ ಪದದ ಅರ್ಥ ಸಿಗಬಹುದು, ನಿನ್ನ ಅರ್ಥ ಸಿಗುವುದಿಲ್ಲ. ಆದ್ದರಿಂದ ಕೈಯೆತ್ತಿ ನಿನ್ನನ್ನೇ ಕೇಳುತ್ತಿದ್ದೇನೆ. ರೂಬೆನ್, ನಿಮ್ಮಲ್ಲಿ ‘ವೈಲ್’ ಅಂದರೆ ಏನು?

ನನ್ನ ಓದೇ ಸರಿಯಾಗಿದ್ದರೆ ಅದನ್ನೂ ಹೇಳು. ಬೇಸರವಾಗುತ್ತದೆ, ಆದರೆ ಕೇಳಿ ತಿಳಿದದ್ದು ಎಂಬ ಸಮಾಧಾನವಾದರೂ ಇರುತ್ತದೆ.

ಎನಿಡ್


ಹೈ ಗಿಲ್
6 ಸೆಪ್ಟೆಂಬರ್ 1954

ಎನಿಡ್,

‘ಆಗುವವರೆಗೆ’. ನಮ್ಮಲ್ಲಿ ವೈಲ್ ಅಂದರೆ ‘ಆಗುವವರೆಗೆ’. ಹುಲ್ಲು ಒಳಗೆ ಬರುವವರೆಗೆ ಬರಬೇಡ, ಬಂದ ಮೇಲೆ ಬಾ. ಇಷ್ಟೇ ನಾನು ಬರೆದದ್ದು. ಬಂದವಳನ್ನು ಮಳೆಯಲ್ಲಿ ಒಬ್ಬಳೇ ಕೂರಿಸಿ ನಾನು ಹೊಲದಲ್ಲಿ ಇರಬಾರದು ಅಂತ.

ಏಳು ವಾರ ನಿನ್ನಿಂದ ಒಂದು ಅಕ್ಷರ ಬರಲಿಲ್ಲ. ಬೇಸಿಗೆ ಹಕ್ಕಿ, ಅಂದೆ ಮನಸ್ಸಿನಲ್ಲಿ. ಮಳೆಯ ಸುದ್ದಿ ಕೇಳಿಯೇ ಹಾರಿಹೋಯಿತು ಅಂತ. ಶುಕ್ರವಾರ ನಿನ್ನ ಪತ್ರವನ್ನು ರೂತ್ ಕೈಗೆ ಕೊಟ್ಟೆ. ಅವಳು ಪಟ್ಟಣದ ಕಚೇರಿಯಲ್ಲಿ ಕೆಲಸ ಮಾಡುವವಳು, ಎರಡೂ ಇಂಗ್ಲಿಷು ಬಲ್ಲವಳು. ಓದಿ ಹಣೆ ಚಚ್ಚಿಕೊಂಡಳು.

‘ಅಪ್ಪಾ, ಅವ್ರಿಗೆ ಹೀಗೆ ಬರ್ದ್ಯಾ? ಒಂದ್ಸಲ ಕೆಟ್ಟಿದ್ದು ಸಾಲ್ದಾ ನಿಂಗೆ?’

‘ನಂಗೇನ್ ಗೊತ್ತು, ಎಲ್ರೂ ಹೀಗೇ ತಾನೇ ಅನ್ನೋದು’ ಅಂದೆ.

‘ಎಲ್ರೂ ಅಂದ್ರೆ ಈ ಕಣಿವೇಲಿರೋ ಇನ್ನೂರು ಜನ ಕಣಪ್ಪಾ’ ಅಂದಳು. ನಿನ್ನ ಪತ್ರವನ್ನು ಇನ್ನೊಮ್ಮೆ ಓದಿ, ‘ಈ ಸಲ ಅವ್ರು ಕೇಳಿದಾರೆ ನೋಡು’ ಅಂದಳು.

ನೀನು ಕೇಳಿದೆ. ನಾನಾಗಿದ್ದರೆ ಕೇಳುತ್ತಿರಲಿಲ್ಲ. ಅಂದೂ ಕೇಳಲಿಲ್ಲ.

ಶನಿವಾರ ಕೊನೆಯ ಬಂಡಿ ಒಳಗೆ ಬಂತು, ಅರ್ಧ ಕಪ್ಪುಗಟ್ಟಿದ ಹುಲ್ಲು. ಲಂಡನ್ನಿನಿಂದ ಡಾರ್ಲಿಂಗ್‌ಟನ್ನಿಗೆ ಬೆಳಗಿನ ರೈಲಿದೆ, ಅಲ್ಲಿಂದ ರಿಚ್‌ಮಂಡಿಗೆ ಇನ್ನೊಂದು. ಗುರುವಾರ ಮಧ್ಯಾಹ್ನದಿಂದ ನಾನು ರಿಚ್‌ಮಂಡ್ ಸ್ಟೇಷನ್ನಿನಲ್ಲಿರುತ್ತೇನೆ. ಗುರುವಾರ ಆಗದಿದ್ದರೆ ಶುಕ್ರವಾರವೂ ಇರುತ್ತೇನೆ.

ಈ ಪತ್ರವನ್ನು ರೂತ್ ಎರಡು ಸಲ ಓದಿದಳು. ಎರಡರ್ಥದ ಪದ ಒಂದೂ ಇಲ್ಲ ಅಂದಳು. ಬಾ.

ರೂಬೆನ್